ಕುರಿ ತಾತನ ಹೆಬ್ಬೆಟ್ಟು

ಅವರ ಎಡಗೈ ಹೆಬ್ಬೆಟ್ಟಿನ ಮೇಲೆ ಅಡ್ಡಕ್ಕೆ ಒಂದು ಗಾಯದ ಗೆರೆ ಇತ್ತು. ಉಣ್ಣೆ ಕತ್ತರಿಸುವಾಗ ಟಗರು ಕೊಸರಿಕೊಂಡು, ಕತ್ತರಿ ಜಾರಿ, ಮೂಳೆ ಕಾಣುವಷ್ಟು ಸೀಳಿತ್ತಂತೆ. ಅರಿಸಿನ ಮೆತ್ತಿ ಬಟ್ಟೆ ಸುತ್ತಿಕೊಂಡು ಅದೇ ದಿನ ಉಳಿದ ಕುರಿಗಳ ಉಣ್ಣೆಯನ್ನೂ ತೆಗೆದು ಮುಗಿಸಿದೆ ಎಂದು ಹೇಳುವಾಗ ಅವರಿಗೆ ಸ್ವಲ್ಪ ಜಂಬ. ಗಾಯ ಮಾಗಿದರೂ ಆ ಗೆರೆ ತುಂಬಿಕೊಳ್ಳಲಿಲ್ಲ. ಹೆಬ್ಬೆಟ್ಟು ಒತ್ತಿದರೆ ನೀಲಿ ಮಸಿಯ ನಡುವೆ ಬಿಳಿ ದಾರ ಎಳೆದ ಹಾಗೆ ಕಾಣುತ್ತಿತ್ತು. ಅದನ್ನು ನಾನು ಒಂದೇ ಒಂದು ಕಾಗದದ ಮೇಲೆ ನೋಡಿದ್ದೇನೆ. ಒತ್ತಿಸಿಕೊಂಡವಳು ನಾನೇ.

ನಾನು ಕೊರಟಗೆರೆಯವಳು. ಮಿಡಿಗೇಶಿಯಿಂದಾಚೆ ರಸ್ತೆ ಬದಿಯ ಒಂದು ಗೊಲ್ಲರಹಟ್ಟಿಯ ಶಾಲೆಯಲ್ಲಿ ಬಹಳ ವರ್ಷಗಳಿಂದ ಮೇಡಂ. ಹಟ್ಟಿಯವರೆಲ್ಲ ಅವರನ್ನು ಕುರಿ ತಾತ ಎನ್ನುತ್ತಿದ್ದರು. ಆ ಹಟ್ಟಿಯಲ್ಲಿ ಕುರಿ ಇಲ್ಲದ ತಾತನೇ ಇರಲಿಲ್ಲ, ಆದರೂ ಆ ಹೆಸರು ಇವರೊಬ್ಬರಿಗೇ. ನಾನೂ ಹಾಗೇ ಕರೆದೆ. ಅವರ ನಿಜವಾದ ಹೆಸರು ಗೊತ್ತಾಗಿದ್ದು ಆ ಕಾಗದ ಬರೆದ ದಿನ.

ಆಗಿನ ರಸ್ತೆಯ ಬಗ್ಗೆ ಹೇಳಬೇಕು. ಎರಡೂ ಬದಿಗೆ ಹುಣಸೆ ಮರ, ನಡುವೆ ಒಂದು ಬಸ್ಸು ಹೋಗುವಷ್ಟು ಡಾಂಬರು, ಅದರಲ್ಲಿ ಅರ್ಧ ಗುಂಡಿ. ಎದುರಿಗೆ ಲಾರಿ ಬಂದರೆ ಯಾರಾದರೂ ಒಬ್ಬರು ಮಣ್ಣಿಗೆ ಇಳಿಯಬೇಕು, ಯಾರು ಇಳಿಯಬೇಕು ಅನ್ನುವುದಕ್ಕೆ ಐದು ನಿಮಿಷ ಜಗಳ. ಕೊರಟಗೆರೆಯಿಂದ ಶಾಲೆ ಮುಟ್ಟಲು ಎರಡು ಗಂಟೆ, ವಾಪಸ್ಸು ಎರಡೂಕಾಲು. ಬೆಳಿಗ್ಗೆ ನಾನು ಹೊರಡುವಾಗ ಮಗಳು ಮಲಗಿರುತ್ತಿದ್ದಳು. ಆಗ ಅವಳಿಗೆ ಮೂರು ವರ್ಷ. ಸಂಜೆ ಅತ್ತೆ ಎಷ್ಟು ಕರೆದರೂ ಒಳಗೆ ಹೋಗದೆ, ಕತ್ತಲಾದರೂ ಹೊಸ್ತಿಲ ಮೇಲೇ ಕೂತಿರುತ್ತಿದ್ದಳು. ನಾನು ಬಂದರೇ ತುತ್ತು. ಇದನ್ನೆಲ್ಲ ನಾನು ಬಸ್ಸಿಗೆ ಕಾಯುವಾಗ ತಾತನ ಹತ್ತಿರ ಹೇಳಿಕೊಂಡು ಗೊಣಗುತ್ತಿದ್ದೆ. ಕೇಳುವವರು ಇನ್ಯಾರಿದ್ದರು ಅಲ್ಲಿ?

ಹಟ್ಟಿ ರಸ್ತೆಯ ಈಚೆಗೆ, ಕೆರೆ ಮತ್ತು ಮೇವಿನ ಗುಡ್ಡ ಆಚೆಗೆ. ಸಂಜೆ ನಾಲ್ಕೂವರೆಗೆ ಸರಿಯಾಗಿ ತಾತ ಮಂದೆಯನ್ನು ಕೆರೆಯಲ್ಲಿ ನೀರು ಕುಡಿಸಿ, ರಸ್ತೆ ದಾಟಿಸಿ, ಹುಣಸೆ ಬುಡದ ಕಲ್ಲಿನ ಮೇಲೆ ಕೂರುತ್ತಿದ್ದರು. ನನಗೂ ಅದೇ ಕಲ್ಲು. ಅವರ ಕಿವಿಯ ಚುರುಕು ನೋಡಬೇಕಿತ್ತು. ಪಾವಗಡದ ಕಡೆಯಿಂದ ಬರುವ ಬಸ್ಸು ಇನ್ನೂ ದಿಣ್ಣೆಯ ಹಿಂದೆ ಇರುವಾಗಲೇ ಅವರಿಗೆ ಗೊತ್ತಾಗುತ್ತಿತ್ತು. ನಾನು ಸದ್ದು ಕೇಳಿ ಬ್ಯಾಗು ಎತ್ತಿಕೊಂಡರೆ, "ಅದು ಕಳ್ಳೇಕಾಯಿ ಲಾರಿ, ಕೂತ್ಕ ತಾಯಿ" ಅನ್ನುವರು. ಲಾರಿಯೇ ಬರುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ.

ಒಂದು ಸಲ ಮಧ್ಯಾಹ್ನ ಮನೆಯಿಂದ ಫೋನು ಬಂತು, ಮಗಳಿಗೆ ಜ್ವರ ಏರಿ ಕಣ್ಣು ಮೇಲೆ ಮಾಡುತ್ತಿದ್ದಾಳೆ ಎಂದು. ಶಾಲೆಯಿಂದ ಓಡಿದೆ. ಅರ್ಧ ದಾರಿಯಲ್ಲಿರುವಾಗಲೇ ಬಸ್ಸಿನ ಸದ್ದು ಕೇಳಿಸಿತು. ಅದು ಹೋದರೆ ಮತ್ತೆ ಒಂದೂವರೆ ಗಂಟೆ. ತಾತ ಮಂದೆಯೊಂದಿಗೆ ರಸ್ತೆಯ ಆಚೆ ಬದಿಯಲ್ಲಿದ್ದರು. ನಾನು ಸೆರಗು ಕಟ್ಟಿಕೊಂಡು ಓಡುವುದು ನೋಡಿದವರೇ ನಾಲಗೆಯಲ್ಲಿ ಒಂದು ಸದ್ದು ಮಾಡಿದರು. ಇಡೀ ಮಂದೆ ಇಳಿದು ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತು. ಡ್ರೈವರು ಬ್ರೇಕು ಹಾಕಿ, ಹೊರಗೆ ತಲೆ ಹಾಕಿ ಬಾಯಿಗೆ ಬಂದ ಹಾಗೆ ಬೈದ. ತಾತ ಮುಖ ಸಣ್ಣದು ಮಾಡಿಕೊಂಡು, "ಕುರಿ ಕಣಪ್ಪ. ನನ್ ಮಾತು ಎಲ್ಲಿ ಕೇಳ್ತವೆ?" ಅಂದರು. ನಾನು ಏದುಸಿರು ಬಿಡುತ್ತಾ ಬಸ್ಸು ಹತ್ತಿದ ಮೇಲೆ ಒಂದು ಶಿಳ್ಳೆ ಹಾಕಿದರು ನೋಡಿ, ಎಣಿಸಿ ಹತ್ತರೊಳಗೆ ರಸ್ತೆ ಖಾಲಿ. ಡ್ರೈವರಿಗೂ ನಗು ತಡೆಯಲಾಗಲಿಲ್ಲ. ಆ ಸಂಜೆ ಮಗಳನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಾರನೆಯ ದಿನ ಥ್ಯಾಂಕ್ಸ್ ಹೇಳಲು ಹೋದರೆ, ಅವರು ಮಗುವಿಗೆ ಏನು ತಿನ್ನಿಸಿದೆ ಎಂದು ಕೇಳಿದರೇ ಹೊರತು ಆ ಮಾತು ಎತ್ತಲು ಬಿಡಲಿಲ್ಲ.

ಅಂಥವರಿಗೆ ನಾನು ಮಾಡಿದ್ದನ್ನು ಈಗ ಹೇಳುತ್ತೇನೆ.

ರಸ್ತೆ ಅಗಲ ಮಾಡುವ ಮಾತು ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಇತ್ತು. ಜಮೀನು ಹೋಗುತ್ತದೆ ಎಂದು ಒಬ್ಬರು, ಊರ ಹೊರಗೆ ಹೋದರೆ ಹೋಟೆಲು ಮುಚ್ಚಬೇಕಾಗುತ್ತದೆ ಎಂದು ಇನ್ನೊಬ್ಬರು, ಹುಣಸೆ ಮರ ಕಡಿಯಬೇಡಿ ಎಂದು ಮತ್ತೊಬ್ಬರು. ಕೋರ್ಟು, ತಡೆ, ಮತ್ತೆ ಅಳತೆ, ಮತ್ತೆ ತಡೆ. ಬಸ್ಸಿನಲ್ಲಿ ದಿನಾ ಓಡಾಡುವ ನಾವು ಮೇಷ್ಟರುಗಳು, ನರ್ಸುಗಳು, ಗುಮಾಸ್ತರು ಸೇರಿ ಒಂದು ಬಳಗ ಕಟ್ಟಿಕೊಂಡು ರಸ್ತೆ ಬೇಕೇ ಬೇಕು ಎಂದು ಕೂತೆವು. ನನ್ನ ಅಕ್ಷರ ದುಂಡು, ನಾಲಗೆ ಚೂಪು. ಹಾಗಾಗಿ ಅರ್ಜಿಗಳೆಲ್ಲ ನನ್ನ ಕೈಯವೇ. ವರ್ಷಗಳು ಕಳೆದು, ಒಂದೊಂದೇ ತಕರಾರು ಇತ್ಯರ್ಥವಾಗಿ, ಕೊನೆಗೆ ಉಳಿದದ್ದು ಹಟ್ಟಿಯ ಕುರಿಯವರದ್ದು.

ಅವರು ರಸ್ತೆ ಬೇಡ ಎನ್ನಲಿಲ್ಲ. ಹೊಸ ರಸ್ತೆಯ ನಡುವೆ ಉದ್ದಕ್ಕೂ ಗೋಡೆ ಬರುವುದಿತ್ತು, ಅವರಿಗೆ ಬೇಕಾಗಿದ್ದು ಮಂದೆ ದಾಟಲು ದಾರಿ. ರಸ್ತೆಯ ಅಡಿಯಲ್ಲಿ ಒಂದು ಕಂಡಿ ಬಿಡುತ್ತೇವೆ ಎಂದು ನಕ್ಷೆಯಲ್ಲಿ ಇತ್ತು. ಹಟ್ಟಿಯವರೆಲ್ಲರ ಪರವಾಗಿ ತಾತ ನನ್ನ ಹತ್ತಿರ ಬಂದು, ಅದು ಸಾಲದು, ಹೆಂಗಿರಬೇಕು ಅನ್ನುವುದನ್ನು ನೀನು ಬರೆದುಕೊಡು ಎಂದರು. ಆ ಕಲ್ಲಿನ ಮೇಲೇ ಕೂತು ಕೋಲಿನಿಂದ ಮಣ್ಣಿನಲ್ಲಿ ಗೀಚಿ ತೋರಿಸಿದರು. ಕಂಡಿ ಅಗಲ ಇರಬೇಕು, ನೆಟ್ಟಗಿರಬೇಕು, ನೆಲ ಇಳಿಜಾರಾಗಿದ್ದು ನೀರು ನಿಲ್ಲಬಾರದು. ಆಮೇಲೆ ಒಂದು ಮಾತು ಹೇಳಿದರು:

"ಕತ್ಲೆ ಒಳಿಕ್ಕೆ ಕುರಿ ಕಾಲಿಡಲ್ಲ ಕಣಮ್ಮ. ಈ ಕೊನೇಲಿ ನಿಂತ್ರೆ ಆ ಕೊನೆ ಆಕಾಶ ಕಾಣ್ಬೇಕು. ಅಂಗೇ ಬರಿ."

ಹಾಗೇ ಬರೆದೆ. ಓದಿ ಹೇಳಿದೆ. ತಲೆದೂಗಿದರು. ಅದನ್ನು ತೆಗೆದುಕೊಂಡು ನಾನೊಬ್ಬಳೇ ರಸ್ತೆ ಕೆಲಸದವರ ಕಚೇರಿಗೆ ಹೋದೆ. ಅಲ್ಲಿದ್ದವರು ಓದಿ ನಕ್ಕರು. ಕುರಿಗೆ ಆಕಾಶ ತೋರಿಸಬೇಕಂತೆ ಎಂದು ಪಕ್ಕದವರಿಗೂ ಓದಿ ಹೇಳಿದರು. ನಕ್ಷೆ ಬದಲಾಯಿಸಬೇಕೆಂದರೆ ಫೈಲು ಮತ್ತೆ ಮೇಲಕ್ಕೆ ಹೋಗಬೇಕು ಮೇಡಂ, ಒಂದೆರಡು ವರ್ಷ ಮರೆತುಬಿಡಿ, ತಕರಾರಿಲ್ಲ ಎಂದು ಬರೆಸಿಕೊಟ್ಟರೆ ಈ ತಿಂಗಳೇ ಕೆಲಸ ಶುರು ಎಂದರು. ನನಗೆ ಹೊಸ್ತಿಲ ಮೇಲೆ ಕೂತ ಮಗಳು ಕಣ್ಣ ಮುಂದೆ ಬಂದಳು. ಹೀಗೆಂದು ನನಗೆ ನಾನೇ ಇವತ್ತಿಗೂ ಹೇಳಿಕೊಳ್ಳುತ್ತೇನೆ. ಆದರೆ ಅವರು ನಕ್ಕಾಗ ನನಗೆ ಆದದ್ದು ನಾಚಿಕೆ, ತಾತನ ಮಾತನ್ನು ಹೊತ್ತು ತಂದದ್ದಕ್ಕೆ ನಾಚಿಕೆ. ಅದನ್ನೂ ಹೇಳಲೇಬೇಕು.

ಮಾರನೆಯ ದಿನ ಬೇರೆ ಕಾಗದ ಬರೆದೆ. "ಹಟ್ಟಿಯ ಕುರಿಗಾಹಿಗಳಿಗೆ ಈಗಿರುವ ನಕ್ಷೆಯ ಬಗ್ಗೆ ಯಾವುದೇ ತಕರಾರು ಇರುವುದಿಲ್ಲ." ತಾತನ ಮುಂದೆ ಹಿಡಿದು, ಹಳೆಯದು ಮಸಿ ಚೆಲ್ಲಿ ಹಾಳಾಯಿತು, ಅದನ್ನೇ ಮತ್ತೆ ಬರೆದಿದ್ದೇನೆ ಎಂದೆ. ಅವರು ಓದಿ ಹೇಳು ಎನ್ನಲಿಲ್ಲ. ನಾನೂ ಓದಲಿಲ್ಲ. ಶಾಲೆಯ ಇಂಕ್ ಪ್ಯಾಡಿಗೆ ಹೆಬ್ಬೆಟ್ಟು ಅದ್ದಿ, ಹುಷಾರಾಗಿ, ನಾನು ಎಳೆದ ಚೌಕದೊಳಗೇ ಒತ್ತಿದರು. ಕಚೇರಿಯ ಮುದ್ರೆ ಬಿದ್ದ ನಕಲು ಒಂದು ತಮಗೆ ಬೇಕೆಂದರು. ಕೊಟ್ಟೆ. ಅಕ್ಷರ ಬಾರದವರು, ಇಟ್ಟುಕೊಂಡು ಏನು ಮಾಡುತ್ತಾರೆ ಎಂದುಕೊಂಡೆ.

ರಸ್ತೆ ತೆರೆದ ದಿನದ ಸಡಗರ ಏನು ಕೇಳುತ್ತೀರಿ! ಪಾವಗಡದವರು, ಮಧುಗಿರಿಯವರು, ಸಿರಾದಿಂದ ನೋಡಲೆಂದೇ ಬಂದವರು, ಬೈಕು ನಿಲ್ಲಿಸಿ ನಡುರಸ್ತೆಯಲ್ಲಿ ಫೋಟೋ ತೆಗೆಸಿಕೊಳ್ಳುವವರು. ಬಸ್ಸಿನಲ್ಲಂತೂ ಬಾಯಿ ಮುಚ್ಚಿದವರಿಲ್ಲ. ಇನ್ನು ಬಿಸಿ ತಿಂಡಿ ತಿಂದು ಹೊರಡಬಹುದು ಎಂದು ಒಬ್ಬರು, ಬೆನ್ನು ನೋವಿನ ಮಾತ್ರೆ ಬಿಟ್ಟೆ ಎಂದು ಇನ್ನೊಬ್ಬರು. ನೆರಳೇ ಇಲ್ಲವಲ್ಲ ಎಂದ ಒಬ್ಬ ಮುದುಕಿಯನ್ನು ಎಲ್ಲರೂ ಗದರಿದರು. ಇಷ್ಟು ವರ್ಷ ಇದನ್ನು ತಡೆದವರನ್ನು ಇದೇ ರಸ್ತೆಯಲ್ಲಿ ಮೆರವಣಿಗೆ ಮಾಡಿಸಬೇಕು ಎಂದು ಒಬ್ಬ ಗುಮಾಸ್ತರು ಎದ್ದು ನಿಂತು ಹೇಳಿದಾಗ ಇಡೀ ಬಸ್ಸು ಚಪ್ಪಾಳೆ ತಟ್ಟಿತು. ಆ ವಾರ ಬಳಗದವರು ನನಗೆ ಶಾಲು ಹೊದೆಸಿ ಸನ್ಮಾನ ಮಾಡಿದರು. ಶಾಲು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ.

ಮುಕ್ಕಾಲು ಗಂಟೆಯಲ್ಲಿ ಮನೆ. ನಿಜ, ಸುಳ್ಳು ಹೇಳಬಾರದು, ಮೊದಲ ದಿನ ಸಂತೋಷದಿಂದ ಕಣ್ಣಲ್ಲಿ ನೀರು ಬಂತು.

ಕಂಡಿಯನ್ನೂ ಕಟ್ಟಿದ್ದರು. ತಗ್ಗು, ಇಕ್ಕಟ್ಟು, ನಡುವೆ ಒಂದು ತಿರುವು. ಈ ಬಾಯಲ್ಲಿ ನಿಂತರೆ ಕಾಣುವುದು ಗೋಡೆ. ಮೊಣಕಾಲುದ್ದ ನೀರು. ಒಂದು ಸಂಜೆ ತಾತ ಎಳೆಯ ಮರಿಯೊಂದನ್ನು ಎದೆಗವಚಿಕೊಂಡು ಒಳಗಿಳಿದರು. ಮರಿ ಅರಚಿದರೆ ತಾಯಿ ಬರುತ್ತದೆ, ತಾಯಿ ಬಂದರೆ ಮಂದೆ ಬರುತ್ತದೆ. ಹೊಳೆ ದಾಟಿಸುವಾಗ, ಹೊಸ ದಾರಿಗೆ ಇಳಿಸುವಾಗ ಅವರದ್ದು ಅದೇ ಉಪಾಯ. ಒಳಗಿನಿಂದ ಮರಿ ಅರಚಿತು. ತಾಯಿ ಕಂಡಿಯ ಬಾಯವರೆಗೂ ಬಂತು, ಅಲ್ಲೇ ನಿಂತು ಅದೂ ಅರಚಿತು. ಕಾಲಿಡಲಿಲ್ಲ. ಒಳಗೆ ಮರಿ, ಹೊರಗೆ ತಾಯಿ, ಎರಡೂ ಅರಚುತ್ತಲೇ ಇದ್ದವು. ನಾನು ಹೊಸ ಬಸ್‌ಸ್ಟಾಪಿನ ಉಕ್ಕಿನ ಬೆಂಚಿನ ಮೇಲೆ ಕೂತು ಅದನ್ನು ನೋಡಿದೆ. ಕೊನೆಗೆ ತಾತ ತೊಡೆಯವರೆಗೆ ಒದ್ದೆಯಾಗಿ ಹೊರಬಂದು, ಮರಿಯನ್ನು ತಾಯಿಯ ಹತ್ತಿರ ಬಿಟ್ಟರು. ನನ್ನ ಕಡೆ ನೋಡಿ, "ಅದ್ಕೆ ಇರೋ ಬುದ್ಧಿ ಅದ್ಕೆ ಐತೆ ಬುಡಮ್ಮ" ಅಂದರು.

ಆಮೇಲೆ ಅವರು ಮಂದೆಯನ್ನು ರಸ್ತೆಯ ಅಂಚಿನಲ್ಲೇ ಒಂದೂವರೆ ಮೈಲಿ ನಡೆಸಿ, ವಾಹನ ತಿರುಗುವ ಜಾಗದಲ್ಲಿ ದಾಟಿಸತೊಡಗಿದರು. ಲಾರಿಗೆ ಸಿಕ್ಕು ಕುರಿಗಳು ಸತ್ತವು. ಹಟ್ಟಿಯ ಕೆಲವರು ಮಂದೆ ಮಾರಿ ಕೂಲಿಗೆ ಹೊರಟರು. ತಾತನ ಮಂದೆಯೂ ಕರಗಿ, ಕೊನೆಗೆ ಎಂಟು ಹತ್ತು ಕುರಿಗಳನ್ನು ಮನೆ ಹಿಂದೆ ಕಟ್ಟಿ ಮೇಯಿಸುವಂತಾಯಿತು. ಅಷ್ಟಾದರೂ ಸಂಜೆ ನಾಲ್ಕೂವರೆಗೆ ಬಸ್‌ಸ್ಟಾಪಿಗೆ ಬರುವುದನ್ನು ಬಿಡಲಿಲ್ಲ. ಈಗಿನ ಬಸ್ಸುಗಳು ಬಿರುಗಾಳಿಯಂತೆ ಬರುತ್ತವೆ, ಕೈ ತೋರಿಸಿದರೂ ನಿಲ್ಲುವುದು ಕಷ್ಟ. ತಾತ ರಸ್ತೆಯ ಅಂಚಿಗೆ ಹೋಗಿ ಕೋಲಿಗೆ ಹೆಗಲ ಮೇಲಿನ ಕೆಂಪು ವಲ್ಲಿ ಕಟ್ಟಿ ಎತ್ತಿ ಹಿಡಿಯುತ್ತಿದ್ದರು, ನನಗೋಸ್ಕರ. ನಾನು ಹತ್ತುತ್ತಿದ್ದೆ. ಹೇಳಿಬಿಡಬೇಕು ಎಂದು ಎಷ್ಟು ಸಂಜೆ ಅಂದುಕೊಂಡೆನೋ. ಬಸ್ಸು ಬಂದುಬಿಡುತ್ತಿತ್ತು.

ಕಳೆದ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಮಲಗಿದರು. ಮಧುಗಿರಿ ಆಸ್ಪತ್ರೆಗೆ ಇಪ್ಪತ್ತೇ ನಿಮಿಷದಲ್ಲಿ ಸೇರಿಸಿದರಂತೆ, ರಸ್ತೆ ಚೆನ್ನಾಗಿತ್ತಲ್ಲ. ಎರಡನೆಯ ದಿನ ಹೋಗಿಬಿಟ್ಟರು.

ಸುದ್ದಿ ತಿಳಿದು, ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ತಾತನ ಹೆಂಡತಿ, ಅಜ್ಜಿ, ಗೋಡೆಗೆ ಒರಗಿ ಕೂತಿದ್ದರು. ಪಾವಗಡದಾಚೆಯವರು, ಮಾತಿನಲ್ಲಿ ತೆಲುಗಿನ ವಾಸನೆ. ರೇಷನ್ ಕಾರ್ಡಿನ ಕವರು ತಂದು, ಅದರೊಳಗಿಂದ ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದು, ಇದು ಇನ್ನು ಬೇಕಾಗುತ್ತದಾ ನೋಡು ಎಂದು ಕೊಟ್ಟರು. ಬಿಡಿಸಿದೆ. ನನ್ನ ದುಂಡು ಅಕ್ಷರ. ಕೆಳಗೆ ನಕಲಿನಲ್ಲಿ ಕಪ್ಪಾದ ಹೆಬ್ಬೆಟ್ಟು, ನಡುವೆ ಆ ಬಿಳಿ ಗೆರೆ.

ಅಲ್ಲೇ ಕೂತು ಹೇಳಲು ಶುರುಮಾಡಿದೆ. ಅಜ್ಜೀ, ಇದರಲ್ಲಿ ತಾತ ಹೇಳಿದ್ದು ಇಲ್ಲ, ನಾನು ಅವರಿಗೆ ಮೋಸ ಮಾಡಿದೆ ಎಂದೆ. ಅವರು ನನ್ನ ಕೈ ಹಿಡಿದು ಸುಮ್ಮನಿರು ಎಂಬಂತೆ ಅದುಮಿದರು.

"ಗೊತ್ತು ಬುಡಮ್ಮ. ನೀನು ಕೊಟ್ಟ ದಿನಾನೇ ಮೊಮ್ಮಗಳ ಕೈಲಿ ಓದ್ಸಿದ್ರು."

ಮೊಮ್ಮಗಳು ಆಗ ನನ್ನ ನಾಲ್ಕನೆಯ ಕ್ಲಾಸಿನಲ್ಲಿದ್ದಳು. ಅವಳಿಗೆ ಅಕ್ಷರ ತಿದ್ದಿಸಿದವಳು ನಾನೇ.

ಮತ್ತೆ ಯಾಕೆ ಕಚೇರಿಗೆ ಹೋಗಿ ಹೇಳಲಿಲ್ಲ, ನನ್ನನ್ನಾದರೂ ಯಾಕೆ ಒಂದು ಮಾತು ಕೇಳಲಿಲ್ಲ ಎಂದೆ.

"ನಾನೂ ಅಂಗೇ ಬೈದೆ. ಏಮಿ ಮಾಡೋದು, ಆವಯ್ಯ ಕೇಳ್ಬೇಕಲ್ಲ. ಮೇಡಮ್ಮನ ಕೂಸು ಹೊಸ್ಲು ಮ್ಯಾಲೆ ಕುಂತಿರ್ತದಂತೆ, ದಿನಾ ಕತ್ಲಾಗ್ತದೆ, ಓಗ್ಲಿ ಬುಡು ಅಂದ್ರು."

ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್‌ಸ್ಟಾಪಿಗೆ ಬಂದೆ. ಎರಡು ಬಸ್ಸು ನಿಲ್ಲದೆ ಹೋದವು. ಮೂರನೆಯದು ಸಿಕ್ಕಿತು. ಕೊರಟಗೆರೆಯಲ್ಲಿ ಇಳಿದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಹೊಸ್ತಿಲ ಮೇಲೆ ಯಾರೂ ಇರಲಿಲ್ಲ. ಮಗಳಿಗೆ ಈಗ ಹದಿನಾಲ್ಕು, ಟ್ಯೂಷನ್ ಮುಗಿಸಿ ಬರುವುದು ಎಂಟಕ್ಕೆ. ನಾನು ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತೆ, ಕತ್ತಲಾಗುವವರೆಗೂ ಅಲ್ಲೇ ಕೂತಿದ್ದೆ.