ಹಸಿರು ಮುಖದ ಹೆಂಗಸು ಮತ್ತು ನಮ್ಮ ಪಟ್ಟದ ರಾಣಿ

ನನ್ನದು ಸುಮ್ಮನಿರಲಾರದ ಕೈ. ಮೂವತ್ತು ವರ್ಷ ಲಂಡನ್ನಿನಲ್ಲಿ ಜಿಪಿ ಡಾಕ್ಟರಾಗಿ ಜನರ ನಾಡಿ ಹಿಡಿದ ಈ ಕೈ ನಿವೃತ್ತಿಯಾದ ಮೇಲೆ ಮನೆಯ ಸಾಮಾನುಗಳ ಮೇಲೆ ತಿರುಗಿಬಿದ್ದಿದೆ. ಅದರ ಫಲವನ್ನು ಹೇಳಿಕೊಳ್ಳಲು ನಾಚಿಕೆ; ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ.

ಮಗಳು ಮೇಘನಾಗೆ ಹಳೆಯ ಚಿತ್ರಗಳನ್ನು ರಿಪೇರಿ ಮಾಡುವ ಕೆಲಸ. ರಿಪೇರಿ ಎಂದರೆ ಸಿಟ್ಟು, ಸಂರಕ್ಷಣೆ ಅನ್ನಬೇಕಂತೆ. ಕಳೆದ ತಿಂಗಳು ಪಾರ್ಕ್ ರಾಯಲ್‌ನಲ್ಲಿರುವ ತನ್ನ ಸ್ಟುಡಿಯೊಗೆ ಕರೆದಳು. ಎಜ್‌ವೇರ್‌ನ ನಮ್ಮ ಮನೆಯಿಂದ ಎರಡು ಬಸ್ಸು ಬದಲಿಸಿ, ಬ್ರೆಡ್ಡಿನ ವಾಸನೆಯ ಗೋದಾಮುಗಳನ್ನು ದಾಟಿ ಹೋದರೆ ತೋರಿಸಿದ್ದೇನು? ಅಂಗೈಯಗಲದ ಒಂದು ಹಲಗೆ. ಅದರ ಮೇಲೆ ಐನೂರು ವರ್ಷದ ಹಿಂದಿನ ಇಟಲಿಯ ಹೆಂಗಸು. ಹಲಗೆ ಬಾಗಿದೆ, ಹುಳು ಹೊಡೆದಿದೆ, ಮುಖವೆಲ್ಲ ಹಸಿರು. ರಕ್ತ ಕಡಿಮೆ ಎಂದು ನಾನು ನಿಂತಲ್ಲೇ ರೋಗ ಹೇಳಿಬಿಟ್ಟೆ.

ರೋಗವಲ್ಲವಂತೆ. ಆ ಕಾಲದವರು ಮುಖಕ್ಕೆ ಮೊದಲು ಹಸಿರು ಮಣ್ಣಿನ ಬಣ್ಣ ಬಳಿದು, ಅದರ ಮೇಲೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಗುಲಾಬಿಯನ್ನು ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಎಳೆಯುತ್ತಿದ್ದರಂತೆ. ಯಾವನೋ ಪುಣ್ಯಾತ್ಮ ಲಕ್ಷಣವಾಗಿ ಕಾಣಲಿ ಎಂದು ತಿಕ್ಕಿ ತೊಳೆದು ಗುಲಾಬಿಯನ್ನು ಕಳೆದ. ಇನ್ನೊಬ್ಬ ಅದನ್ನು ಮುಚ್ಚಲು ಬಣ್ಣ ಮೆತ್ತಿದ. ಆ ಮೆತ್ತಿದ್ದನ್ನು ತೆಗೆಯಲು ನನ್ನ ಮಗಳಿಗೆ ನಾಲ್ಕು ತಿಂಗಳು! ಅಷ್ಟರಲ್ಲಿ ನಾನು ಇಡೀ ಮನೆಗೆ ಎರಡು ಸಲ ಸುಣ್ಣ ಹೊಡೆಸುತ್ತಿದ್ದೆ. ನೀನೇ ಒಂದಿಷ್ಟು ಗುಲಾಬಿ ಬಳಿದು ಮುಗಿಸಬಾರದೇ ಎಂದರೆ, ಪೆದ್ದು ಪೇಷೆಂಟನ್ನು ನೋಡುವಂತೆ ನೋಡಿದಳು.

ತಲೆ ಕೆಟ್ಟದ್ದು ಆಮೇಲೆ. ಹತ್ತಿ ಸುತ್ತಿದ ಕಡ್ಡಿಯನ್ನು ನಾಲಿಗೆಗೆ ಮುಟ್ಟಿಸಿ ಚಿತ್ರದ ಅಂಚು ಒರೆಸಿದಳು. ಎಂಜಲು! ಕೊಳೆ ಬಿಡಿಸಲು ಅದರಷ್ಟು ಮೃದುವಾದದ್ದು ಇಲ್ಲವಂತೆ. ನೀವೇ ಹೇಳಿ, ಡಾಕ್ಟರಾಗು ಎಂದು ಬಡಕೊಂಡರೂ ಕೇಳದ ಮಗಳು ಇಷ್ಟು ವರ್ಷ ಓದಿ ಕಲಿತದ್ದು ಇದನ್ನೇ?

“ಸುಮ್ನೆ ಬಿಡೋಕೆ ಬರ್ದೇ ಇರೋರೇ, ಅಮ್ಮಾ, ದ ವರ್ಸ್ಟ್,” ಎಂದಳು, ಆ ಹಸಿರು ಮುಖ ತೋರಿಸಿ.

ನನಗೆ ನನ್ನದೇ ಒಂದು ಕೆಲಸ ನೆನಪಾಯಿತು. ಮನೆಯಲ್ಲಿ ನಮ್ಮ ಪಟ್ಟದ ಗೊಂಬೆಗಳಿವೆ. ನಮ್ಮಜ್ಜಿಯ ಕಾಲದ, ಮರದ ರಾಜ-ರಾಣಿ. ನನ್ನ ಮದುವೆಯಲ್ಲಿ ಅಮ್ಮ ಮೈಸೂರಿನಿಂದ ಕೊಟ್ಟು ಕಳಿಸಿದ್ದು. ಈ ಚಳಿಗಾಲ ಮೇಘನಾಳ ಮದುವೆ, ಅವು ಅವಳಿಗೆ ಹೋಗಬೇಕು. ಹೋದ ದಸರಾದಲ್ಲಿ ರಾಣಿಯ ಮುಖ ಮಂಕಾಗಿದೆ ಎಂದು ನಾನು ಪೋಸ್ಟರ್ ಕಲರ್ ತಂದು ಹೊಸ ಮುಖ ಬರೆದಿದ್ದೆ. ರಾಣಿ ಬೆಚ್ಚಿಬಿದ್ದ ಟೊಮೇಟೊ ಆಗಿದ್ದಳು. ಗೊಂಬೆ ಕೂರಿಸಿದಾಗ ಹಿಂದಿನ ಸಾಲಿಗೆ ತಳ್ಳಿ ಮರ್ಯಾದೆ ಉಳಿಸಿಕೊಂಡಿದ್ದೆ.

ಮುಂದಿನ ಭಾನುವಾರ ಮಗಳು ಮನೆಗೆ ಬಂದಾಗ ರಾಣಿಯನ್ನು ಅವಳ ಮುಂದಿಟ್ಟು ತಪ್ಪೊಪ್ಪಿಕೊಂಡೆ. ಅವಳು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಮೇಲಿತ್ತು. ಚೀಲದಿಂದ ಹತ್ತಿಯ ಕಡ್ಡಿ ತೆಗೆದು ಬಾಯಿಗೆ ಒಯ್ದಳು. ಪೂಜೆಗೆ ಕೂರುವ ಗೊಂಬೆ ಕಣೇ, ಎಂಜಲು ಮಾಡಬೇಡ ಎಂದೆ.

“ಹಾಗಾದ್ರೆ ಟೊಮೇಟೊಗೇ ಪೂಜೆ ಮಾಡು,” ಎಂದಳು. ನಾನು ರಾಣಿಯನ್ನು ಅವಳತ್ತ ಸರಿಸಿದೆ.

ನನ್ನ ಬಣ್ಣವೂ ಅದರಡಿಯ ಹಳೆಯ ಕೊಳೆಯೂ ಹತ್ತಿಗೆ ಬಂತು. ಅದರಡಿ ಎಂಜಲಿಗೆ ಜಗ್ಗದ, ದಪ್ಪನೆಯ ಎಣ್ಣೆಬಣ್ಣದ ಇನ್ನೊಂದು ಮುಖ. ಕೊಳೆಯಲ್ಲಿ ನನಗೆ ಎಂದೂ ಕಾಣದಿದ್ದ ಅದರ ಎಡಹುಬ್ಬು ಬಲಹುಬ್ಬಿಗಿಂತ ಮೇಲೇರಿತ್ತು. ಯಾರ ಕೈ ಎಂದು ನನಗೆ ತಕ್ಷಣ ಗೊತ್ತಾಯಿತು. ಶಾಲೆಯ ನಾಟಕಕ್ಕೆ ಅಮ್ಮ ನನಗೆ ಬಣ್ಣ ಹಚ್ಚಿದಾಗಲೂ ಎಡಹುಬ್ಬು ಹೀಗೇ ಏರಿ, ಇಡೀ ಕ್ಲಾಸು ನಕ್ಕಿತ್ತು. ಸುಮ್ಮನಿರಲಾರದ ಕೈ ನನಗೆ ಎಲ್ಲಿಂದ ಬಂತೆಂಬುದೂ ಆ ಭಾನುವಾರವೇ ತಿಳಿದದ್ದು.

ಮೇಘನಾ ಮಾತ್ರ ಹುರುಪಿನಲ್ಲಿದ್ದಳು. ಇದೂ ಯಾರೋ ಮೆತ್ತಿದ್ದೇ, ಅಸಲು ಮುಖ ಕೆಳಗಿದೆ, ತೆಗೆದುಬಿಡುತ್ತೇನೆ ಎಂದು ಚೀಲದಿಂದ ಯಾವುದೋ ದ್ರಾವಣದ ಬಾಟಲಿ ತೆಗೆದು ಮುಚ್ಚಳ ಬಿಚ್ಚಿದಳು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ.

“ಅದು ನಿಮ್ಮಜ್ಜಿ ಬರ್ದಿದ್ದು. ಸುಮ್ನೆ ಬಿಡೇ,” ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಮಗಳು ಆ ಹುಬ್ಬನ್ನೇ ನೋಡಿ, ಬಾಟಲಿಗೆ ಮುಚ್ಚಳ ಹಾಕಿದಳು.