ಕಪ್ಪು ಪರದೆಯಲ್ಲಿ ಬಂದ ಧಾರವಾಡ

ಪಾಸ್‌ವರ್ಡ್ ಒತ್ತಿದೆ. ಪರದೆಯ ಮೇಲೆ ಏನೂ ಮೂಡಲಿಲ್ಲ, ಒಂದು ಚುಕ್ಕೆ ಕೂಡ. ಕೀಬೋರ್ಡ್ ಕೆಟ್ಟಿದೆಯೆಂದುಕೊಂಡು ಅದನ್ನೇ ಇನ್ನೆರಡು ಸಲ ಕುಟ್ಟಿದೆ. ತಪ್ಪು ಎಂದಿತು. ಚೆನ್ನೈಗೆ ಬಂದು ಮೂರು ವಾರವಾಗಿತ್ತು. ಬಸ್ಸಿನ ನಂಬರಿನಿಂದ ಹಿಡಿದು ತರಕಾರಿಯ ಹೆಸರಿನವರೆಗೆ ನಾನು ಇಲ್ಲಿ ತಪ್ಪದ ಜಾಗವೇ ಇರಲಿಲ್ಲ.

ಧಾರವಾಡದ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಹನ್ನೊಂದು ವರ್ಷ ದುಡಿದವಳು ನಾನು. ನಾನು ಊರು ಬಿಟ್ಟ ವಾರದಲ್ಲೇ ನಮ್ಮ ಲ್ಯಾಬಿನ ಮುಖ್ಯಸ್ಥ ಪಾಟೀಲ ಸರ್ ಹೃದಯಾಘಾತದಿಂದ ತೀರಿಕೊಂಡರು. ಅದಕ್ಕೂ ಎರಡು ದಿನ ಮುಂಚೆ ನನ್ನ ಹಳೆಯ ಕಾಲೇಜು ವಿಳಾಸಕ್ಕೆ ಅವರೊಂದು ಮೇಲ್ ಹಾಕಿದ್ದರಂತೆ. ಆ ಮೇಲ್ ಕಾಲೇಜಿನ ಹೊರಗಿನಿಂದ ಬ್ರೌಸರಿನಲ್ಲಿ ತೆರೆಯುತ್ತಿರಲಿಲ್ಲ. ನಾನು ಕೆಲಸ ಬಿಟ್ಟಿದ್ದರಿಂದ ಅಂದು ಸಂಜೆ ಐದಕ್ಕೆ ನನ್ನ ಖಾತೆಯೇ ಮುಚ್ಚಿಹೋಗುವುದಿತ್ತು.

ಕೀಲ್ಪಾಕ್‌ನ ನಮ್ಮ ಮನೆ ಮಾಲೀಕರು ಶೀನ ಮಾಮ, ರೈಲ್ವೆಯಲ್ಲಿ ಕಂಪ್ಯೂಟರ್ ನೋಡಿಕೊಂಡು ನಿವೃತ್ತರಾದವರು. ಅವರ ಅಜ್ಜ ಉಡುಪಿ ಕಡೆಯಿಂದ ಹೋಟೆಲಿಗೆಂದು ಇಲ್ಲಿಗೆ ಬಂದವರು. ನಮ್ಮಲ್ಲಿ ಎದುರಾದವರು 'ಚಹಾ ಆತೇನ್ರಿ' ಎನ್ನುವಂತೆ ಇಲ್ಲಿ 'ಸಾಪ್ಟಾಚಾ' ಎನ್ನುತ್ತಾರೆ, ಊಟ ಆಯ್ತಾ ಎಂದು. ಮಾಮ ಅಂದು ಅದನ್ನೂ ಕೇಳದೆ ನನ್ನ ಮುಖ ನೋಡಿ ಕುರ್ಚಿ ಎಳೆದುಕೊಂಡರು. ಅಕ್ಷರಗಳಷ್ಟೇ ಕಾಣುವ ಹಳೆಯ ಮೇಲ್ ಪ್ರೋಗ್ರಾಂ ಒಂದನ್ನು ಹಾಕಿ, ಕಾಲೇಜಿನ ಸರ್ವರ್ ಹೆಸರನ್ನು ಅದರಲ್ಲಿ ಬರೆದುಕೊಟ್ಟವರೂ ಅವರೇ.

"ಇದ್ರಲ್ಲಿ ಪಾಸ್‌ವರ್ಡ್ ಕಾಣುದಿಲ್ಲ ಮಾರಾಯ್ತಿ. ನೀನು ಮೂರು ಸಲದ್ದು ಒಟ್ಟಿಗೆ ಸೇರ್ಸಿ ಹೊಡ್ದಿದ್ದಿ. ಕೊಂಜ ನಿಧಾನ, ಸ್ವಲ್ಪ ನಿಧಾನ. ನಂಬಿಕೆ ಇಟ್ಟು ಒಂದೇ ಸಲ ಹೊಡಿ."

ಹೊಡೆದೆ.

ಬಣ್ಣವಿಲ್ಲ, ಚಿತ್ರವಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸುರಿದವು. ಹನ್ನೊಂದು ವರ್ಷದ ಧಾರವಾಡ, ಫಿನೈಲ್ ತರಿಸುವ ಇಂಡೆಂಟು, ಪರೀಕ್ಷೆಯ ವೇಳಾಪಟ್ಟಿ, ಯಾರದೋ ಮದುವೆಯ ಕರೆ. ಅಲ್ಲಿ ಕಾಲೇಜಿನ ಮೂಲೆಯಲ್ಲಿ ಗುಂಯ್‌ಗುಡುವ ಆ ಸರ್ವರ್ ಪೆಟ್ಟಿಗೆ ನನ್ನ ಬೆರಳಿನ ಮಾತನ್ನು ಇಲ್ಲಿಂದಲೂ ಕೇಳುತ್ತಿತ್ತು. ನನಗೆ ಮೈ ಜುಮ್ಮೆಂದಿತು. ಸಾಲುಗಳ ನಡುವೆ ಸರ್ ಹೆಸರು ಹುಡುಕಿ ಅವರ ಮೇಲ್ ತೆರೆದೆ.

ಸರ್ ಯಾವಾಗಲೂ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದರು. ಓದಿದೆ.

"ರೂಮ್ ಸಿಕ್ತೇನು? ನೀ ಹೋದ ಮ್ಯಾಲೆ ಆಸಿಡ್ ಕಪಾಟ ಯಾರಿಗೂ ತಗೀಲಿಕ್ಕೆ ಬರವಲ್ದು. ಆದ್ರೂ ನಿನಗ ಫೋನ್ ಮಾಡಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳೀನಿ. ಇಲ್ಲಿದು ಮರತು ಅಲ್ಲೇ ಮನಸ್ಸು ಹಚ್ಚು."

ಅಳು ಬಂತು. ಗಡಿಯಾರ ನೋಡಿದೆ, ಐದಕ್ಕೆ ಇನ್ನೂ ಎಂಟು ನಿಮಿಷ.

"ಉತ್ತರಕ್ಕೆ ಇಂಗ್ಲಿಷಿನ ಆರ್ ಅಕ್ಷರ ಒತ್ತು," ಎಂದರು ಮಾಮ. ಸರ್ ತೀರಿಕೊಂಡದ್ದು ಅವರಿಗೆ ಗೊತ್ತಿತ್ತು.

ಒತ್ತಿದೆ. ಚೆನ್ನೈ ಚೆನ್ನಾಗಿದೆ ಎಂದು ಬರೆಯಲು ಹೋದೆ, ಬೆರಳು ಕೇಳಲಿಲ್ಲ.

"ಕಪಾಟದ ಬಾಗಿಲಾ ಒಂಚೂರು ಮ್ಯಾಲೆ ಎತ್ತಿ ಹಿಡೀರಿ ಸರ್, ಆಮ್ಯಾಲೆ ಕೀಲಿ ತಿರುವ್ರಿ," ಎಂದು ಬರೆದು ಕಳಿಸಿದೆ.