ಬಿಟ್ಟಿ ಆಡಿದ ಒಂದು ಸಂಜೆ

ರೌಮಾದ ನಮ್ಮ ಸಾಲುಮನೆಗಳಲ್ಲಿ ಮಿರ್ವಾಳಷ್ಟು ಅಚ್ಚುಕಟ್ಟಾಗಿ ಸಾಮಾನು ಕಟ್ಟುವವರು ಇನ್ನೊಬ್ಬರಿಲ್ಲ. ಗಾಜಿನ ಲೋಟವನ್ನು ಉಣ್ಣೆಯ ಕಾಲುಚೀಲದೊಳಗೆ ತೂರಿಸಿ, ಅದನ್ನು ಗಂಜಿ ಪಾತ್ರೆಯಲ್ಲಿಟ್ಟು, ಪಾತ್ರೆಯನ್ನು ಮಗಳ ರಜಾಯಿಯಲ್ಲಿ ಸುತ್ತುತ್ತಾಳೆ. ಇದುವರೆಗೆ ಒಂದು ಲೋಟವೂ ಒಡೆದಿಲ್ಲ.

ಅವಳ ಗಂಡ ತೊಮ್ಮಿ ಐಸ್ ಹಾಕಿ ಆಟಗಾರ. ಸ್ವೀಡನ್, ಸ್ವಿಟ್ಜರ್ಲೆಂಡ್, ಮತ್ತೆ ಸ್ವೀಡನ್. ಅವನು ಒಂದು ಚೀಲ, ಒಂದು ಕಟ್ಟು ಕೋಲು ಹಿಡಿದು ಮುಂದೆ ಹೋದರೆ ಉಳಿದ ಇಡೀ ಮನೆ ಮಿರ್ವಾಳ ಕೈಹಿಡಿದು ಹಿಂದೆ ಹೋಗುತ್ತಿತ್ತು. ತೊಮ್ಮಿಗೆ ಮರುದಿನವೇ ಕೆಲಸ. ಮಿರ್ವಾ ಸೂಲಗಿತ್ತಿ, ಓದಿ ಪಾಸಾದವಳು; ಆದರೂ ಆ ಊರಿನ ಭಾಷೆ ಕಲಿತು, ಅನುಮತಿ ಬರುವವರೆಗೆ ಮನೆಯಲ್ಲೇ ಕೂರಬೇಕು. ಅದು ಬರುವ ಹೊತ್ತಿಗೆ ಅಟ್ಟದ ಪೆಟ್ಟಿಗೆಗಳು ಮತ್ತೆ ಕೆಳಗಿಳಿಯುತ್ತಿದ್ದವು.

ಈ ಸಲ ಅವಳು ಜಾಣತನ ಮಾಡಿದಳು. ಅಮೆರಿಕದ ಮಿನ್ನೆಸೋಟ ರಾಜ್ಯದ ತಂಡ ತೊಮ್ಮಿಯ ಮೇಲೆ ಕಣ್ಣಿಟ್ಟಿದೆ ಎಂದು ಗೊತ್ತಾದದ್ದೇ ತಾನೂ ಆ ರಾಜ್ಯದ ಸೂಲಗಿತ್ತಿ ಪರೀಕ್ಷೆಗೆ ಕೂತಳು. ಮಗಳು ವಿಲ್ಯಾಳನ್ನು ನನ್ನ ಮನೆಯಲ್ಲಿ ಮಲಗಿಸಿ, ಚಳಿಗಾಲವಿಡೀ ಓದಿದಳು. ಅನುಮತಿ ಬಂತು, ಅಲ್ಲೊಂದು ಹೆರಿಗೆ ಆಸ್ಪತ್ರೆ ಬಾ ಎಂದಿತು.

"ಈ ಅನುಮತಿ ಮಿನ್ನೆಸೋಟ ಅಂದ್ರೆ ಮಿನ್ನೆಸೋಟಕ್ಕೆ ಅಷ್ಟೇ ಹೆಲ್ವಿ ಅಕ್ಕಾ. ಪಕ್ಕದ ರಾಜ್ಯಕ್ಕೆ ಕಾಲಿಟ್ರೆ ನಾನು ಮತ್ತೆ ಬರೀ ತೊಮ್ಮಿ ಹೆಂಡ್ತಿ" ಎಂದು ನನಗೆ ಹೇಳಿದ್ದಳು.

ತೊಮ್ಮಿಯ ಮೊಣಕಾಲು ವಾಸಿಯಾದ ಮೇಲೆ ಮಿನ್ನೆಸೋಟದ ತಂಡಕ್ಕೆ ಸಹಿ ಹಾಕುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ನಮ್ಮೂರ ತಂಡದೊಡನೆ ಬರೀ ಅಭ್ಯಾಸ. ಅವನ ಏಜೆಂಟ್ ಮೊದಲೇ ಎಚ್ಚರಿಸಿದ್ದ: ಅಮೆರಿಕದ ಲೀಗ್ ಶುರುವಾದ ಮೇಲೆ ಬೇರೆ ದೇಶದ ಲೀಗಿನಲ್ಲಿ ಒಂದೇ ಒಂದು ಪಂದ್ಯ ಆಡಿದರೂ ನೇರವಾಗಿ ಆ ತಂಡ ಸೇರುವಂತಿಲ್ಲ. ಸಹಿ ಹಾಕಿದ ಆಟಗಾರನನ್ನು ಉಳಿದೆಲ್ಲ ತಂಡಗಳ ಮುಂದೆ ಒಂದು ದಿನ ಇಡಬೇಕು. ಬೇಕಾದವರು ಎತ್ತಿಕೊಂಡು ಹೋಗಬಹುದು; ಯಾರೂ ಕೇಳದಿದ್ದರೆ ಮಾತ್ರ ಮಿನ್ನೆಸೋಟ.

ಅಕ್ಟೋಬರಿನಲ್ಲಿ ಅಲ್ಲಿ ಆಟ ಶುರುವಾಯಿತು. ಇಲ್ಲಿ ನಮ್ಮೂರ ತಂಡದ ಅರ್ಧ ಮಂದಿ ಜ್ವರದಲ್ಲಿ ಮಲಗಿದರು. ಕೋಚ್ ಬಾಗಿಲಿಗೆ ಬಂದು ನಿಂತ. ತೊಮ್ಮಿ ಹೋಗಿ ಆಡಿದ.

ಅವನು ದಡ್ಡನಲ್ಲ. ರೌಮಾದವರ ಹಾಗೆ ಯೋಚಿಸಿದ, ಅಷ್ಟೆ. ನಮ್ಮಲ್ಲಿ ತಾಲ್ಕೊ ಎಂದು ಕರೆದರೆ ಮನೆಗೊಬ್ಬರು ಬರಲೇಬೇಕು. ಅಂಗಳದ ಎಲೆ ಗುಡಿಸಿ, ಬೇಲಿಗೆ ಬಣ್ಣ ಹಚ್ಚಿ, ಕೊನೆಗೆ ಸುಟ್ಟ ಸಾಸೇಜು, ಕಾಫಿ. ಕೂಲಿಯಿಲ್ಲ. ಕೂಲಿಯಿಲ್ಲದ್ದನ್ನು ಕೆಲಸ ಎಂದು ಯಾರೂ ಕರೆಯುವುದಿಲ್ಲ.

ಮರುದಿನ ಏಜೆಂಟಿನ ಫೋನ್ ಬಂದಾಗ ನಾನು ಅವರ ಅಡುಗೆಮನೆಯಲ್ಲೇ ಇದ್ದೆ.

"ದುಡ್ಡೇ ತಗೊಂಡಿಲ್ಲವಲ್ಲಪ್ಪಾ!" ತೊಮ್ಮಿ ಕೂಗಿದ. "ತಾಲ್ಕೊ ಅದು. ಎಲೆ ಗುಡಿಸಿದ ಹಾಗೆ."

"ಎಲೆ ಗುಡ್ಸೋಕೆ ಹೋಗಿದ್ದು ನಾನು. ನೀನು ಮಲಗಿದ್ದೆ" ಎಂದಳು ಮಿರ್ವಾ, ಹಿಟ್ಟು ನಾದುತ್ತಲೇ.

"ಬಿಟ್ಟಿ ಆಡಿದ್ರೂ ಲೆಕ್ಕವೇ ಮಾರಾಯಾ" ಎಂದ ಏಜೆಂಟ್, ಫೋನಿನ ಸ್ಪೀಕರಿನಲ್ಲಿ.

ಮಿರ್ವಾಳ ಕೈ ನಿಂತಿತು. ಆಮೇಲೆ ನಕ್ಕಳು, ಒಳ್ಳೆಯ ನಗೆಯಲ್ಲ. "ಕೇಳಿದ್ರಾ ಅಕ್ಕಾ? ಮದುವೆಯಾದಾಗಿಂದ ನಾನು ಬಿಟ್ಟಿ ಮಾಡಿದ್ದು ಯಾವ ದೇಶದಲ್ಲೂ ಲೆಕ್ಕಕ್ಕೆ ಬರ್ಲಿಲ್ಲ. ಇವನು ಒಂದು ಸಂಜೆ ಬಿಟ್ಟಿ ಮಾಡಿದ್ದಕ್ಕೆ ಸಮುದ್ರದ ಆಚೆಯವರು ಲೆಕ್ಕ ಇಟ್ಟಿದಾರೆ!"

ತೊಮ್ಮಿ ಸಹಿ ಹಾಕಿದ. ಅವನ ಹೆಸರು ಎಲ್ಲ ತಂಡಗಳ ಮುಂದೆ ಹೋಯಿತು. ಇನ್ನು ಮರುದಿನ ಸಂಜೆಯವರೆಗೆ ಕಾಯುವುದು.

"ಬೇರೆಯವರು ಎತ್ಕೊಂಡ್ರೆ?" ತೊಮ್ಮಿಯ ದನಿ ಸಣ್ಣಗಿತ್ತು.

"ಎತ್ಕೊಂಡ್ರೆ ನೀನು ಹೋಗು. ನಾನೂ ವಿಲ್ಯಾನೂ ಇಲ್ಲೇ. ನಮ್ಮೂರ ಆಸ್ಪತ್ರೇಲಿ ಜಾಗ ಖಾಲಿ ಇದೆ, ಕೇಳಿದೀನಿ. ಈ ಸಲ ನನ್ನ ಕೆಲಸ ಎಲ್ಲಿದೆಯೋ ನಾನು ಅಲ್ಲಿ." ಜಗಳದ ದನಿಯಲ್ಲ, ಅಂಗಡಿಯಿಂದ ಹಾಲು ತರಬೇಕು ಎನ್ನುವ ದನಿ.

ತೊಮ್ಮಿ ಎದ್ದು ಒಳಗೆ ಹೋದ. ಆಮೇಲೆ ಒಳಗಿಂದ ಕೂಗಿದ: "ನನ್ನ ಉಣ್ಣೆ ಕಾಲುಚೀಲ ಎಲ್ಲಿವೆ?"

"ಮನೇಲೇ ಇವೆ. ಹುಡುಕು."

ಹುಡುಕಿದ. ಅಟ್ಟದ ಪೆಟ್ಟಿಗೆಗಳನ್ನೂ ತಾನೇ ಇಳಿಸಿದ. ಮಿರ್ವಾ ನೋಡಿದಳು, ಏಳಲಿಲ್ಲ. ಅದು ಅವಳಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಕೈಗಳನ್ನು ತೊಡೆಯ ಕೆಳಗಿಟ್ಟು ಕೂತಿದ್ದಳು.

ಮರುದಿನ ಸಂಜೆ ನಾನು ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಬೇಲಿಯಾಚೆಯಿಂದ ಮಿರ್ವಾಳ ಕೂಗು: "ಹೆಲ್ವಿ ಅಕ್ಕಾ! ನನ್ನ ಗಂಡನ್ನ ಯಾರೂ ಕೇಳ್ಲಿಲ್ಲ! ಒಬ್ಬರೂ ಕೇಳ್ಲಿಲ್ಲ!"

ಸಾಲಿನ ಕಿಟಕಿಗಳೆಲ್ಲ ತೆರೆದವು. ಅವಳ ಹಿಂದೆ ತೊಮ್ಮಿ ಅರ್ಧ ಸಂತೋಷ, ಅರ್ಧ ಅವಮಾನದ ಮುಖ ಹೊತ್ತು ನಿಂತಿದ್ದ. "ಮೊಣಕಾಲಿಗೆ ಹೆದರಿದ್ರಂತೆ" ಎಂದು ಗೊಣಗಿದ.

"ಒಳ್ಳೆ ಮೊಣಕಾಲು ಕಣೋ" ಎಂದು ಮಿರ್ವಾ ಅದನ್ನು ತಟ್ಟಿದಳು.

ತೊಮ್ಮಿ ಮೊದಲು ಹೊರಟ. ಈ ಸಲ ಪಾತ್ರೆ, ಲೋಟ, ರಜಾಯಿ ಎಲ್ಲ ಅವನ ಜೊತೆ. ಲೋಟಗಳನ್ನು ತನ್ನ ಆಟದ ದಪ್ಪ ಕೈಗವಸುಗಳೊಳಗೆ ತುರುಕಿದ್ದ.

ಮಿರ್ವಾ ವಿಲ್ಯಾಳೊಡನೆ ವಿಮಾನ ಹತ್ತಲು ಹೊರಟಾಗ ಅವಳ ಕೈಯಲ್ಲಿದ್ದದ್ದು ಒಂದೇ ಚೀಲ. ಬಟ್ಟೆಗಳ ಮೇಲೆ ಮಗುವಿನ ಎದೆಬಡಿತ ಕೇಳುವ ಮರದ ಕೊಳವೆ ಇಟ್ಟುಕೊಂಡಿದ್ದಳು. ಅಷ್ಟರಲ್ಲಿ ತೊಮ್ಮಿಯ ಸಂದೇಶ ಬಂತು: ಎರಡು ಲೋಟ ಒಡೆದಿವೆ.

"ಎರಡೇನಾ?" ಎಂದಳು ಮಿರ್ವಾ. "ಪರವಾಗಿಲ್ಲ, ಕಲೀತಾನೆ." ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದಳು.